ಸಂಖ್ಯೆಯೇ ಹೆಸರಾದ ಹಾಡು

2017ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಲಾಜಿಕ್ ಅವರು ಪಾಪ್ ಗಾಯಕರಾದ ಅಲೆಸಿಯಾ ಕಾರಾ ಹಾಗೂ ಖಾಲಿದ್ ಅವರೊಡನೆ ಹಾಡಿದ ಗೀತೆಯ ಹೆಸರು ‘1-800-273-8255’. ಅದು ಆಗ ಆ ದೇಶದ ಆತ್ಮಹತ್ಯಾ ತಡೆ ಸಹಾಯವಾಣಿಯ ಸಂಖ್ಯೆಯಾಗಿತ್ತು. ಇಂತಹ ಪ್ರಯೋಜನವನ್ನು ಹೊತ್ತ ಹಾಡು ಕಲೆಯಾದೀತೇ ಎಂಬ ಸಂದೇಹ ಸಹಜ.

ಹಾಡಿನ ರಚನೆಯೇ ಅದಕ್ಕೆ ಸಮಾಧಾನ. ಪಲ್ಲವಿ ಮೂರು ಬಾರಿ ಒಂದೇ ಧಾಟಿಯಲ್ಲಿ ಬರುತ್ತದೆ. ಮೊದಲು ಬದುಕು ಬೇಡವೆನ್ನುವವನ ಅಳಲು. ಬಳಿಕ ಅವನು ಬದುಕಲೆಂದು ಹಾರೈಸುವ, ಕರೆಗೆ ಓಗೊಟ್ಟವರ ದನಿ. ಕೊನೆಯಲ್ಲಿ ಬದುಕಬೇಕೆನ್ನುವ ಅವನದೇ ನಿರ್ಧಾರ. ರಾಗ ಬದಲಾಗದೆ ಅರ್ಥ ಬದಲಾಗುವ ಈ ಕ್ರಮದಲ್ಲಿ ಉಪದೇಶದ ಭಾರವಿಲ್ಲ.

ಆಂಡಿ ಹೈನ್ಸ್ ನಿರ್ದೇಶಿಸಿದ ದೃಶ್ಯರೂಪದಲ್ಲಿ ಸಲಿಂಗಪ್ರೇಮದ ಕಾರಣದಿಂದ ಒಂಟಿಯಾದ ಶಾಲಾ ಬಾಲಕನ ಕಥೆಯಿದೆ. ಅವನ ಏಕಾಕಿತನದ ಚಿತ್ರಣ ಮನಮುಟ್ಟುತ್ತದೆ. ಆದರೆ ಮದುವೆ, ಮಗು ಎಂದು ಎಲ್ಲವನ್ನೂ ಸುಖಾಂತಗೊಳಿಸುವ ಅವಸರ ಹಾಡಿನ ಸಂಯಮಕ್ಕೆ ಒಪ್ಪುವುದಿಲ್ಲ. ಆ ಘಳಿಗೆಯನ್ನು ದಾಟಿದರೆ ಸಾಕು. ಸಕಲ ಸೌಭಾಗ್ಯದ ಭರವಸೆ ಬೇಕಿಲ್ಲ.

2021ರಲ್ಲಿ ‘ಬಿ.ಎಂ.ಜೆ.’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಈ ಹಾಡು ಹೆಚ್ಚು ಪ್ರಚಾರದಲ್ಲಿದ್ದ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಅಧಿಕವಾಗಿ ಬಂದವು. 10ರಿಂದ 19 ವಯಸ್ಸಿನವರ ಆತ್ಮಹತ್ಯೆಗಳು 245ರಷ್ಟು ಕಡಿಮೆಯಾದವು. ಹಾಡೊಂದೇ ಕಾರಣವೆಂದು ಇದರಿಂದ ಸಿದ್ಧಪಡಿಸಲಾಗದು. ಆದರೂ ರ‍್ಯಾಪನ್ನು ಬರಿಯ ಅಬ್ಬರವೆಂದು ತಳ್ಳಿಹಾಕುವ ನಮ್ಮಂತಹ ಹಿರಿಯರು ಒಮ್ಮೆ ನಿಂತು ಕೇಳಬೇಕಾದ ಹಾಡಿದು.

ನಮ್ಮ ದೇಶದಲ್ಲಿಯೂ ‘ಟೆಲಿ ಮಾನಸ್’ ಸಹಾಯವಾಣಿಯಿದೆ, ಸಂಖ್ಯೆ 14416. ಪರೀಕ್ಷೆಯ ಫಲಿತಾಂಶಕ್ಕೆ ಬೆದರುವ ಮಕ್ಕಳ ನಾಲಗೆಯ ಮೇಲೆ ಅದನ್ನು ನಿಲ್ಲಿಸುವ ಕನ್ನಡ ಹಾಡೊಂದನ್ನು ನಮ್ಮ ತರುಣ ಕವಿಗಳು ಬರೆಯಲಿ.