ಎರೆಮಣ್ಣಿನ ಎತ್ತು, ಸಾವಕಾಶದ ಉಸಿರು

ಕಾರಹುಣ್ಣಿಮೆಗೆ ನಿಜದ ಎತ್ತುಗಳ ಸಂಭ್ರಮ. ಅದಾಗಿ 15 ದಿನಕ್ಕೆ, ಜ್ಯೇಷ್ಠದ ಅಮಾವಾಸ್ಯೆಗೆ, ಮಣ್ಣೆತ್ತುಗಳನ್ನು ಮಾಡಿ ಪೂಜಿಸುವ ಸರದಿ. ಮುಧೋಳ, ಬೀಳಗಿ, ಜಮಖಂಡಿ ಸೀಮೆಯಲ್ಲಿ ಎರೆಮಣ್ಣಿಗೇನು ಬರವೇ? ಓಣಿಯ ಹುಡುಗರು ಕೈ ಕೆಸರು ಮಾಡಿಕೊಂಡು ಕೂತುಬಿಡುತ್ತಾರೆ.

ಈ ಮಣ್ಣು ಅವಸರಕ್ಕೆ ಬಗ್ಗುವುದಿಲ್ಲ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಕಲ್ಲು, ಬೇರು ಆರಿಸಿ, ಮೆತ್ತಗೆ ನಾದಿ, ನೆರಳಲ್ಲಿ ಒಣಗಿಸಬೇಕು.

ಎಲ್ಲಕ್ಕಿಂತ ನಾಜೂಕಿನದು ಕೊಂಬು. ಎರಡು ಬೆರಳ ನಡುವೆ ಹೊಸೆದ ಎಳೆಯನ್ನು ಹಣೆಗೆ ಕೂಡಿಸಿ, ಒದ್ದೆ ಬೆರಳಿನಿಂದ ಸಂದು ಸವರುವಾಗ ಗದ್ದಲದ ಹುಡುಗನೂ ಮಾತು ಮರೆಯುತ್ತಾನೆ. ಕಣ್ಣು ಬೆರಳ ತುದಿಯಲ್ಲೇ ನೆಟ್ಟಿರುತ್ತದೆ.

ಉಸಿರಿನ ಪಾಠ ಹೇಳಲು ಇದೇ ಸಮಯ. ಕೊಂಬು ಕೂಡಿಸುವ ಮುನ್ನ ಮೂಗಿನಿಂದ ಉಸಿರೆಳೆದು, ಸವರುವಷ್ಟು ಹೊತ್ತೂ ನಿಧಾನ ಬಿಟ್ಟರಾಯಿತು. ಉಚ್ಛ್ವಾಸಕ್ಕಿಂತ ನಿಶ್ವಾಸ ದೀರ್ಘವಾದಾಗ ವೇಗಸ್ ನರದ ಮೂಲಕ ಎದೆಬಡಿತ ಇಳಿಯುತ್ತದೆ. ವಿಪಶ್ಯನಾ ಕೇಂದ್ರಗಳು ಮಕ್ಕಳಿಗೆ ಕಲಿಸುವ ಆನಾಪಾನವೂ ಸಹಜ ಉಸಿರನ್ನು ಗಮನಿಸುವ ಅಭ್ಯಾಸವೇ. ಇಲ್ಲಿ ಗಮನ ನಿಲ್ಲಲು ಕೈಯಲ್ಲೊಂದು ಎತ್ತಿದೆ, ಅಷ್ಟೇ.

ಪೂಜೆ ಮುಗಿದ ಮೇಲೂ ಮಣ್ಣಿನ ನಂಟು ಬಿಡುವುದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ದೇವಿಯ ಮೂರ್ತಿ ಮಾಡಲು ಹುಡುಗಿಯರು ಮತ್ತೆ ಮಣ್ಣು ನಾದಲು ಕೂಡುತ್ತಾರೆ.