ಕಣ್ಣೀರಿಲ್ಲದ ಮಾತೆ

ನಿಮ್ಮ ಮನೆಯ ಪ್ರಾರ್ಥನಾ ಪೀಠದ ಮೇಲಿರುವ ಮಾತೆ ಮರಿಯಮ್ಮನವರ ಚಿತ್ರವನ್ನು ಒಮ್ಮೆ ನೆನೆಯಿರಿ. ಗುಲಾಬಿ ಕೆನ್ನೆ, ನೀಲಿ ಹೊದಿಕೆ, ಮೇಲಕ್ಕೆತ್ತಿದ ಕಣ್ಣುಗಳು, ಕೆಲವೊಮ್ಮೆ ಕೆನ್ನೆಯ ಮೇಲೊಂದು ಹನಿ. ಆ ದುಃಖವನ್ನು ನಾವು ಅರಸಬೇಕಾಗಿಲ್ಲ. ಚಿತ್ರಕಾರನೇ ಎಲ್ಲವನ್ನೂ ಹೇಳಿ ಮುಗಿಸಿದ್ದಾನೆ. ಈ ರೂಢಿಯ ಕಣ್ಣಿನಿಂದ ಆಂಜೆಲೊ ದ ಫೊನ್ಸೇಕಾ ಅವರ ಚಿತ್ರಗಳನ್ನು ನೋಡಿದರೆ, "ಮುಖದಲ್ಲಿ ಭಾವವೇ ಇಲ್ಲವಲ್ಲ" ಎನಿಸುವುದು ಸಹಜ.

ಫೊನ್ಸೇಕಾ ನಮ್ಮ ಜೋಯಿಡಾದ ಗಡಿಯಾಚೆಯ ಗೋವೆಯವರು; 1902ರಲ್ಲಿ ಜನಿಸಿದರು. ವೈದ್ಯಕೀಯ ವ್ಯಾಸಂಗವನ್ನು ತೊರೆದು ಬಂಗಾಳಕ್ಕೆ ತೆರಳಿ ಅವನೀಂದ್ರನಾಥ ಠಾಕೂರ್, ನಂದಲಾಲ್ ಬೋಸ್ ಅವರಲ್ಲಿ ಕಲಿತರು. ಹಿಂದಿರುಗಿ ಮರಿಯಮ್ಮನವರಿಗೆ ಸೀರೆ ಉಡಿಸಿದಾಗ ಗೋವೆಯಲ್ಲಿ ಕಟು ವಿರೋಧ ಎದುರಾಯಿತು. ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಅವರಿಗೆ ಆಶ್ರಯವಿತ್ತಿತು. 1967ರಲ್ಲಿ ತೀರಿಕೊಂಡರು. ಆ ಸೀರೆಯ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ನನ್ನನ್ನು ತಡೆದು ನಿಲ್ಲಿಸುವುದು ಮುಖ.

ಅವರು ಬಳಸಿದ 'ವಾಷ್' ಪದ್ಧತಿಯನ್ನು ಸ್ವಲ್ಪ ಗಮನಿಸಿ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿ ಕಲಾವಿದರ ಒಡನಾಟದಿಂದ ಅವನೀಂದ್ರನಾಥರು ರೂಪಿಸಿಕೊಂಡ ಕ್ರಮವದು. ಜಲವರ್ಣವನ್ನು ಹಚ್ಚಿ, ಒಣಗಿಸಿ, ನೀರಿನಲ್ಲಿ ತೋಯಿಸಿ, ಮತ್ತೆ ಬಣ್ಣ ಹಚ್ಚುತ್ತಾರೆ. ಹೀಗೆ ಹಲವು ಸಲ. ಗಾಢವಾದ ನೆರಳು, ಮೈಯ ಉಬ್ಬುತಗ್ಗು ಕರಗಿ ಗೆರೆಯೊಂದೇ ಉಳಿಯುತ್ತದೆ. ಹುಬ್ಬು, ಬಾಗಿದ ರೆಪ್ಪೆ, ಮುಚ್ಚಿದ ತುಟಿ. ಇಷ್ಟರಲ್ಲೇ ತಾಯಿಯ ಮನಸ್ಸನ್ನು ತಿಳಿಯಬೇಕು. ಆಕೆ ಅಳುತ್ತಿಲ್ಲ, ಮಗುವಿನ ಕಡೆಗೆ ಕತ್ತು ತುಸು ವಾಲಿದೆ, ಕೈ ಅದನ್ನು ಹಗುರವಾಗಿ ಹಿಡಿದಿದೆ. ಭಾವವನ್ನು ಮುಖದಲ್ಲಿ ಮಾತ್ರ ಹುಡುಕಿದವರಿಗೆ ಆ ಕೈ ಕಾಣದೆ ಹೋಗುತ್ತದೆ. ಸರಳ ರೂಪದಲ್ಲಿ ನಮ್ಮದೇ ದುಃಖವನ್ನು ಓದಿಕೊಳ್ಳುವ ಅಪಾಯವೂ ಇದೆಯೆಂದು ಒಪ್ಪುತ್ತೇನೆ. ಆದರೆ ಕತ್ತಿನ ಬಾಗು, ಬೆರಳಿನ ಹಿಡಿತ ಚಿತ್ರದಲ್ಲೇ ಇವೆ. ನಮ್ಮ ಓದು ಅವುಗಳನ್ನು ಮೀರಿ ಅಲೆಯಬಾರದು.

ನನ್ನದೊಂದು ಆಕ್ಷೇಪವೂ ಉಂಟು. ಫೊನ್ಸೇಕಾ ಅವರ ಮಾತೆ ಹಲವೆಡೆ ತೀರ ನಯವಾದ, ಕುಲೀನ ಮನೆಯ ಸ್ತ್ರೀಯಂತೆ ತೋರುತ್ತಾರೆ. ಹಳಿಯಾಳ, ಮುಂಡಗೋಡ ಭಾಗದ ನಮ್ಮ ಸಿದ್ದಿ ತಾಯಂದಿರನ್ನು ನೆನೆಯಿರಿ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವರು ಕೌದಿ ಹೊಲಿಯುತ್ತಾರೆ. ಕ್ರೈಸ್ತ ಕುಟುಂಬಗಳ ಕೌದಿಗಳಲ್ಲಿ ಆ ತುಂಡುಗಳೇ ಶಿಲುಬೆಯಾಗುವುದೂ ಉಂಟು. ಸರಳ ರೂಪ ಎಷ್ಟು ಭಾವವನ್ನು ಹೊರಬಲ್ಲದೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರಲ್ಲೊಬ್ಬಳು ಫೊನ್ಸೇಕಾ ಅವರ ಚಿತ್ರದೆದುರು ನಿಂತರೆ ಆ ಕೈಯನ್ನು ಕೂಡಲೇ ಗುರುತಿಸಿಯಾಳು. ಆ ಮುಖವನ್ನು ತನ್ನದೆಂದು ಗುರುತಿಸುವಳೇ?