ನಂಜುಂಡಪ್ಪ ಸಮಿತಿಯ ವರದಿ: ಇತಿಹಾಸದ ದೃಷ್ಟಿಯಿಂದ ಒಂದು ವಿಮರ್ಶೆ

ಹಿಂದುಳಿದ ಪ್ರದೇಶಗಳ ಆರ್ಥಿಕ ಭವಿಷ್ಯವನ್ನು ಕುರಿತ ಸರ್ಕಾರಿ ವರದಿಗಳನ್ನು ಅರ್ಥಶಾಸ್ತ್ರಜ್ಞರು ಓದುವ ರೀತಿ ಒಂದು, ಇತಿಹಾಸದ ವಿದ್ಯಾರ್ಥಿಗಳು ಓದುವ ರೀತಿ ಮತ್ತೊಂದು. ಅಂಕಿಗಳು ಸರಿಯಾಗಿವೆಯೆ, ಹಣ ಸಾಕೆ ಎಂಬುದು ಮೊದಲನೆಯವರ ಪ್ರಶ್ನೆ. ಈ ಸ್ಥಿತಿ ಹೇಗೆ ಒದಗಿತು, ಅದನ್ನು ತಂದ ಕಾರಣಗಳು ಇನ್ನೂ ಜೀವಂತವಾಗಿವೆಯೆ ಎಂಬುದು ಎರಡನೆಯವರ ಪ್ರಶ್ನೆ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ೨೦೦೦ದಲ್ಲಿ ರಚಿತವಾಗಿ ೨೦೦೨ರಲ್ಲಿ ವರದಿಯನ್ನೊಪ್ಪಿಸಿದ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯ ಕಾರ್ಯವನ್ನು ಈ ಎರಡನೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದೇ ವಿಷಯವನ್ನು ಮರುಪರಿಶೀಲಿಸಲು ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ೨೦೨೪ರಲ್ಲಿ ಹೊಸ ಸಮಿತಿಯೊಂದು ನೇಮಕವಾದುದರಿಂದ, ಹಳೆಯ ವರದಿಯ ಗುಣದೋಷಗಳ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಾಗಿ ಉಳಿದಿಲ್ಲ.

ವರದಿಯ ಹಿರಿಮೆಯನ್ನು ಮೊದಲು ಹೇಳಬೇಕು. ಅದಕ್ಕಿಂತ ಹಿಂದೆ ‘ಹಿಂದುಳಿದ ಪ್ರದೇಶ’ ಎಂಬುದು ಬಹುಮಟ್ಟಿಗೆ ಭಾಷಣದ ಮಾತಾಗಿತ್ತು. ನಂಜುಂಡಪ್ಪನವರು ಅದನ್ನು ಅಳತೆಗೆ ಒಳಪಡಿಸಿದರು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ಹಣಕಾಸು ಮೊದಲಾದ ಕ್ಷೇತ್ರಗಳಿಂದ ೩೫ ಸೂಚಕಗಳನ್ನು ಆಯ್ದು, ಅಂದಿನ ೧೭೫ ತಾಲ್ಲೂಕುಗಳಿಗೂ ಅವನ್ನು ಅನ್ವಯಿಸಿದರು. ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ ೧೧೪ ತಾಲ್ಲೂಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು: ಅತ್ಯಂತ ಹಿಂದುಳಿದವು ೩೯, ಅತಿ ಹಿಂದುಳಿದವು ೪೦, ಹಿಂದುಳಿದವು ೩೫. ಮೊದಲನೆಯ ವರ್ಗದ ೩೯ರಲ್ಲಿ ೨೧ ತಾಲ್ಲೂಕುಗಳು ಅಂದಿನ ಗುಲ್ಬರ್ಗಾ ವಿಭಾಗ ಒಂದರಲ್ಲೇ ಇದ್ದುವು. ಇಡೀ ಜಿಲ್ಲೆಯನ್ನು ಒಂದೇ ಎಂದು ಎಣಿಸುತ್ತಿದ್ದ ಕಾಲದಲ್ಲಿ ತಾಲ್ಲೂಕಿನ ಮಟ್ಟಕ್ಕೆ ಇಳಿದದ್ದು ದೊಡ್ಡ ಹೆಜ್ಜೆಯೇ ಸರಿ. ದಕ್ಷಿಣ ಕರ್ನಾಟಕದಲ್ಲೂ ಅತ್ಯಂತ ಹಿಂದುಳಿದ ತಾಲ್ಲೂಕುಗಳು ೧೩ ಇವೆಯೆಂದು ತೋರಿಸಿ, ಉತ್ತರ–ದಕ್ಷಿಣವೆಂಬ ಸುಲಭವಾದ ವಿಭಜನೆಯನ್ನೂ ಅದು ತಿದ್ದಿತು.

ಹೀಗಿದ್ದರೂ ವರದಿಯ ಮೂಲಕಲ್ಪನೆಯಲ್ಲಿಯೇ ಎರಡು ತೊಡಕುಗಳಿವೆ. ಮೊದಲನೆಯದು ಅಳತೆಗೋಲಿಗೆ ಸಂಬಂಧಿಸಿದುದು. ಸರಾಸರಿಯೇ ಗುರಿಯಾದಾಗ ಆ ಗುರಿ ತಾನೇ ಮುಂದೆ ಮುಂದೆ ಸರಿಯುತ್ತದೆ. ಇಂದು ರಾಜ್ಯದ ಆದಾಯದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯಿಂದಲೇ ಬರುತ್ತಿದೆ. ಆ ನಗರದ ಉದ್ಯಮಗಳು ಬೆಳೆದಷ್ಟೂ ಸರಾಸರಿ ಏರುತ್ತದೆ. ಯಾವುದೋ ಒಂದು ದೂರದ ತಾಲ್ಲೂಕು ತನ್ನ ಹಿಂದಿನ ಸ್ಥಿತಿಗಿಂತ ಎಷ್ಟೋ ಮೇಲಕ್ಕೆ ಬಂದಿದ್ದರೂ ಪಟ್ಟಿಯಲ್ಲಿ ಇನ್ನೂ ಕೆಳಗಿಳಿದಂತೆ ಕಾಣಬಹುದು. ಇದಕ್ಕೆ ವಿರುದ್ಧವಾಗಿ, ನಗರದ ಬೆಳವಣಿಗೆ ಕುಂಠಿತವಾದ ವರ್ಷ ಹಿಂದುಳಿದ ತಾಲ್ಲೂಕು ಏನನ್ನೂ ಸಾಧಿಸದೆಯೇ ಮುಂದೆ ಬಂದಂತೆ ತೋರಬಹುದು. ಅಂತರವನ್ನು ಅಳೆಯುವುದೂ ಉನ್ನತಿಯನ್ನು ಅಳೆಯುವುದೂ ಬೇರೆ ಬೇರೆ. ಇವೆರಡನ್ನೂ ಒಂದೇ ಅಂಕದಿಂದ ಹೇಳಹೊರಟರೆ ನೀತಿಯನ್ನು ರೂಪಿಸುವವರು ದಾರಿ ತಪ್ಪುವ ಸಂಭವವುಂಟು.

ಎರಡನೆಯ ತೊಡಕು ಇನ್ನೂ ಗಹನವಾದುದು. ಸೂಚ್ಯಂಕವು ಕೊರತೆಯನ್ನು ಎಣಿಸುತ್ತದೆ. ಕೊರತೆಯ ಕಾರಣವನ್ನು ಎಣಿಸಲಾರದು. ಇಷ್ಟು ರಸ್ತೆ, ಇಷ್ಟು ಹಾಸಿಗೆಗಳ ಆಸ್ಪತ್ರೆ, ಇಷ್ಟು ಬ್ಯಾಂಕು ಕಡಿಮೆಯಿದೆ ಎಂದ ಮೇಲೆ, ಅವನ್ನು ತುಂಬಲು ಬೇಕಾದ ಹಣವನ್ನು ಲೆಕ್ಕ ಹಾಕುವುದು ಸಹಜವಾದ ಮುಂದಿನ ಹೆಜ್ಜೆ. ಸಮಿತಿಯು ಎಂಟು ವರ್ಷಗಳಿಗೆ ೩೧,೦೦೦ ಕೋಟಿ ರೂಪಾಯಿಗಳನ್ನು ಸೂಚಿಸಿತು. ಆದರೆ ಸೌಕರ್ಯ ಬಂದೊಡನೆ ಏಳಿಗೆಯೂ ಬರುತ್ತದೆಯೆ? ಈ ಪ್ರದೇಶದ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ಬೊಂಬಾಯಿ ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ್ದು ೧೮೭೧ರಲ್ಲಿ. ಬೆಂಗಳೂರಿಗೆ ರೈಲು ಬಂದು ಆಗ ಏಳೇ ವರ್ಷಗಳಾಗಿದ್ದುವು. ಸಾರಿಗೆಯೊಂದೇ ಸಾಕಾಗಿದ್ದಿದ್ದರೆ ಕಲಬುರಗಿ, ರಾಯಚೂರುಗಳು ಬಹಳ ಹಿಂದೆಯೇ ಮುಂದುವರಿಯಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ ಅದೇ ವರ್ಷ ಮೈಸೂರು ಬ್ಯಾಂಕೂ ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ ಬಂದುವು. ನಿಜಾಮರ ಸಂಸ್ಥಾನದಲ್ಲಿಯೂ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಆದರೆ ಅದರ ಬೋಧನೆಯ ಭಾಷೆ ಉರ್ದು. ಆಡಳಿತದ ಭಾಷೆಯೂ ಅದೇ ಆಗಿದ್ದುದರಿಂದ ಕನ್ನಡ ಮಾತನಾಡುವ ಹಳ್ಳಿಗನಿಗೆ ಶಾಲೆಯೂ ಕಚೇರಿಯೂ ಒಂದೇ ರೀತಿಯಲ್ಲಿ ದೂರವಾಗಿದ್ದುವು. ೧೯೫೬ರಲ್ಲಿ ಏಕೀಕರಣವಾದಾಗ ಭೂಪಟಗಳು ಒಂದಾದುವು; ಸಂಸ್ಥೆಗಳ ಈ ಅಂತರ ಹಾಗೆಯೇ ಉಳಿಯಿತು.

ನೀರಾವರಿಯ ಕಥೆಯೂ ಇದನ್ನೇ ಹೇಳುತ್ತದೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ರಾಯಚೂರು ಸೀಮೆಯ ಒಣಭೂಮಿ ಭತ್ತದ ಗದ್ದೆಯಾಯಿತು. ಆದರೆ ನೀರಾವರಿಯ ಬೇಸಾಯಕ್ಕೆ ಬೇಕಾದ ಬಂಡವಾಳವೂ ಅನುಭವವೂ ಇಲ್ಲದ ಅನೇಕ ಸಣ್ಣ ರೈತರು ತಮ್ಮ ಹೊಲಗಳನ್ನು ಕರಾವಳಿ ಆಂಧ್ರದಿಂದ ಬಂದ ಕೃಷಿಕರಿಗೆ ಮಾರಿದರು. ಆ ‘ಕ್ಯಾಂಪು’ಗಳು ಇಂದಿಗೂ ಅಲ್ಲಿವೆ. ಬಂದವರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಉತ್ಪಾದನೆ ಹೆಚ್ಚಿತೆಂಬುದು ನಿಜ. ಆ ಹೆಚ್ಚಳದ ಫಲ ಯಾರಿಗೆ ಸಂದಿತೆಂಬುದನ್ನು ತಾಲ್ಲೂಕಿನ ಸರಾಸರಿ ಹೇಳುವುದಿಲ್ಲ. ಕಾಲುವೆಯ ತಲೆಯ ಭಾಗದಲ್ಲಿ ನೀರು ನಿಂತು ನೆಲ ಸವಳಾದರೆ, ಕೊನೆಯ ಭಾಗಕ್ಕೆ ನೀರೇ ಸಾಲದಾಯಿತು.

ಹಾಗೆಂದು ಎಲ್ಲ ದೋಷವನ್ನೂ ಹಿಂದಿನ ಆಳ್ವಿಕೆಯ ತಲೆಗೆ ಕಟ್ಟುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯ. ಬೀದರೂ ಯಾದಗಿರಿಯೂ ಒಂದೇ ಸಂಸ್ಥಾನಕ್ಕೆ ಸೇರಿದ್ದ ನಾಡುಗಳು. ೨೦೧೧ರ ಜನಗಣತಿಯಲ್ಲಾದರೋ ಬೀದರಿನ ಸಾಕ್ಷರತೆ ಶೇಕಡ ೭೦ನ್ನು ದಾಟಿತ್ತು. ಯಾದಗಿರಿಯದು ಸುಮಾರು ೫೨ರಲ್ಲೇ ಇತ್ತು, ಅಲ್ಲಿನ ಸ್ತ್ರೀಯರಲ್ಲಿ ಸುಮಾರು ೪೧ ಮಾತ್ರ. ೧೯೫೬ರಿಂದ ಈಚಿನ ಸುಮಾರು ಏಳು ದಶಕಗಳ ಹೊಣೆ ನಮ್ಮ ಸರ್ಕಾರಗಳದೇ.

ವರದಿಯ ಅನುಷ್ಠಾನವನ್ನು ನೋಡಿದರೆ ಈ ಆಕ್ಷೇಪಣೆಗಳಿಗೆ ಇನ್ನಷ್ಟು ಪುಷ್ಟಿ ದೊರೆಯುತ್ತದೆ. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದು ೨೦೦೭–೦೮ರಲ್ಲಿ, ಎಂದರೆ ವರದಿ ಬಂದ ಐದು ವರ್ಷಗಳ ಮೇಲೆ. ಕೇಂದ್ರೀಯ ವಿಶ್ವವಿದ್ಯಾನಿಲಯವು ೨೦೦೯ರಲ್ಲಿ ಕಲಬುರಗಿಗೆ ಬಂದಿತು. ರಾಯಚೂರಿಗೆ ಸೂಚಿಸಿದ್ದ ಐಐಟಿ ೨೦೧೬ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಯಿತು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧ಜೆ ವಿಧಿ ಸೇರಿ, ೨೦೧೩ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಉದ್ಯೋಗ ಮತ್ತು ವಿದ್ಯಾಭ್ಯಾಸಗಳಲ್ಲಿ ಸ್ಥಳೀಯರಿಗೆ ಮೀಸಲೂ ದೊರೆತುವು. ಇದು ಬೆಲೆಯುಳ್ಳ ಲಾಭ. ಆದರೆ ಮೀಸಲಾದ ಸ್ಥಾನವನ್ನು ತುಂಬಬೇಕಾದ ವಿದ್ಯಾರ್ಥಿ ಹತ್ತನೆಯ ತರಗತಿಯನ್ನು ಮುಟ್ಟುವ ಮೊದಲೇ ತಂದೆತಾಯಿಗಳೊಡನೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದರೆ, ಆ ಸ್ಥಾನದ ಪ್ರಯೋಜನ ಈಗಾಗಲೇ ಮುಂದುವರಿದ ಮನೆತನಗಳಿಗೇ ಸಲ್ಲುತ್ತದೆ. ೨೦೧೯ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಯಿತು. ಈಚಿನ ಆರ್ಥಿಕ ಸಮೀಕ್ಷೆಗಳ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿಯ ಸ್ಥಾನ ಮಾತ್ರ ಕೊನೆಯಲ್ಲಿಯೇ ಉಳಿದಿದೆ.

ಆದಕಾರಣ ಮುಂದಿನ ಅಪಾಯ ಹಣದ ಅಭಾವಕ್ಕಿಂತ ಹೆಚ್ಚಾಗಿ, ಖರ್ಚನ್ನೇ ಸಾಧನೆಯೆಂದು ಎಣಿಸುವ ಅಭ್ಯಾಸದಲ್ಲಿದೆ. ಮಂಡಳಿಯ ಕಾರ್ಯದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ೩೭೧ಜೆ ವಿಧಿಯೇ ಹೇಳುತ್ತದೆ. ಆ ವರದಿಗಳು ಬಿಡುಗಡೆಯಾದ ಹಣದ ಲೆಕ್ಕವನ್ನು ಕೊಡುವುದರ ಜೊತೆಗೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳೆಷ್ಟು ತುಂಬಿದುವು, ಶಾಲೆ ಬಿಟ್ಟ ಹೆಣ್ಣುಮಕ್ಕಳೆಷ್ಟು ಮರಳಿದರು, ಗುಳೆ ಹೋಗುವ ಕುಟುಂಬಗಳೆಷ್ಟು ಕಡಿಮೆಯಾದುವು ಎಂಬುದನ್ನೂ ಹೇಳಬೇಕು. ಪ್ರತಿಯೊಂದು ತಾಲ್ಲೂಕನ್ನೂ ರಾಜ್ಯದ ಸರಾಸರಿಯೊಡನೆ ಮಾತ್ರವಲ್ಲದೆ, ಹತ್ತು ವರ್ಷದ ಹಿಂದಿನ ತನ್ನ ಸ್ಥಿತಿಯೊಡನೆಯೂ ಹೋಲಿಸಬೇಕು.

ಈ ಕಾರ್ಯದಲ್ಲಿ ನಮ್ಮ ಕಾಲೇಜುಗಳಿಗೂ ಪಾಲುಂಟು. ಆ ಪ್ರದೇಶದ ಒಂದೊಂದು ತಾಲ್ಲೂಕಿನ ಶಾಲೆ, ಕಾಲುವೆ, ಸಹಕಾರ ಸಂಘ, ಭೂಮಿಯ ಹಸ್ತಾಂತರ ಇವುಗಳ ಚರಿತ್ರೆಯನ್ನು ಕಂದಾಯದ ದಾಖಲೆಗಳಿಂದಲೂ ವೃದ್ಧರ ಮಾತುಗಳಿಂದಲೂ ಬರೆದಿಡುವ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ನಂಜುಂಡಪ್ಪನವರು ಎಲ್ಲಿ ಎಷ್ಟು ಕೊರತೆಯಿದೆಯೆಂದು ತೋರಿಸಿಕೊಟ್ಟರು. ಅದು ಏಕೆ ಉಳಿದಿದೆಯೆಂಬುದನ್ನು ತೋರಿಸುವ ಕೆಲಸ ಇನ್ನೂ ಮುಗಿದಿಲ್ಲ.